ಎಂಟು ಸಿಲಿಂಡರ್, ಒಂದೇ ಸಾಲು: ಹಳೆಯ ಬ್ಯೂಕ್ ಎಂಜಿನ್ನೊಂದರ ಪ್ರಕರಣ

ಹಿನ್ನೆಲೆ

ಈ ಪ್ರಕರಣದ ಕಾರು 1938ರ ಬ್ಯೂಕ್ ಸ್ಪೆಷಲ್. ಮಲೆನಾಡಿನ ಕಾಫಿ ತೋಟದ ಮನೆಯೊಂದರಲ್ಲಿ ಮೂರು ತಲೆಮಾರಿನಿಂದ ಉಳಿದುಕೊಂಡು ಬಂದ ಗಾಡಿ. ಮನೆಯವರ ಗುರುತು ಸಿಗಬಾರದೆಂದು ಊರು, ಬಣ್ಣ, ನೋಂದಣಿ ಸಂಖ್ಯೆ ಎಲ್ಲವನ್ನೂ ಬಿಟ್ಟಿದ್ದೇನೆ. ಅಳತೆಗಳು ಮಾತ್ರ ಕೆಲಸದ ಹೊತ್ತಿನಲ್ಲಿ ನಮ್ಮ ವರ್ಕ್‌ಶಾಪಿನ ಪುಸ್ತಕದಲ್ಲಿ ಬರೆದುಕೊಂಡವೇ.

ಬ್ಯೂಕ್ ಕಂಪನಿ 1931ರಿಂದ ಎಂಟು ಸಿಲಿಂಡರ್‌ಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ ಎಂಜಿನ್ನನ್ನೇ ತನ್ನ ಕಾರುಗಳಿಗೆ ಕೂರಿಸುತ್ತಿತ್ತು. 1953ರಲ್ಲಿ ವಿ8 ಬಂದ ಮೇಲೆ ಆ ಸಾಲೆಂಟು ನಿಂತಿತು. ಮುಂಬಯಿಯ ಶಿವಡಿಯಲ್ಲಿ ಜನರಲ್ ಮೋಟರ್ಸ್ 1928ರಲ್ಲೇ ಜೋಡಣೆ ಕಾರ್ಖಾನೆ ತೆರೆದಿತ್ತು. ಹಾಗಾಗಿ ಇಂಥ ಕಾರುಗಳು ನಮ್ಮ ಅರಮನೆ, ತೋಟದ ಮನೆಗಳಿಗೆ ಹೊಸವೇನಲ್ಲ. ಈ ಸ್ಪೆಷಲ್‌ನದು 248 ಘನ ಇಂಚಿನ, ಅಂದರೆ ಸುಮಾರು 4.1 ಲೀಟರಿನ ಎಂಜಿನ್. ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 78.6 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ, 104.8. ವಾಲ್ವ್‌ಗಳು ಸಿಲಿಂಡರ್‌ಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್‌ನಲ್ಲಿ, ಕ್ರ್ಯಾಂಕ್‌ಗೆ ಐದು ಮೇನ್ ಬೇರಿಂಗ್. ಹೊಸದರಲ್ಲಿ ನಿಮಿಷಕ್ಕೆ 3400 ಸುತ್ತಿಗೆ 107 ಅಶ್ವಶಕ್ತಿ ಕೊಡುತ್ತಿತ್ತು.

ನಮ್ಮಲ್ಲಿಗೆ ಬಂದಾಗ ಅದು ಲಾರಿಯ ಮೇಲೆ ಮಲಗಿತ್ತು. ಕೆಲವು ವರ್ಷದ ಹಿಂದೆ ಬೇರೊಂದು ಕಡೆ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿಸಿದ್ದರು. 900 ಕಿಲೋಮೀಟರ್ ಓಡುವಷ್ಟರಲ್ಲಿ ಬೇರಿಂಗ್ ಹೊಡೆಯತೊಡಗಿತು. ಅದಕ್ಕೂ ಮೊದಲೇ ಏರಿನಲ್ಲಿ ಕುದಿಯುತ್ತಿತ್ತು, ಪಿಕಪ್ ಇರಲಿಲ್ಲ.

ಯಜಮಾನರ ಮಗನ ಆಸೆ ದೊಡ್ಡದಿತ್ತು. ಬ್ಯೂಕ್ 1941ರಲ್ಲಿ ಇದೇ 248ಕ್ಕೆ ಎರಡು ಕಾರ್ಬ್ಯುರೇಟರ್ ಕೂರಿಸಿ 125 ಅಶ್ವಶಕ್ತಿ ತೆಗೆದಿತ್ತು. ಅದೇ ಜೋಡಣೆ ಬೇಕು, ಕ್ಯಾಮ್‌ಶಾಫ್ಟ್ ಗ್ರೈಂಡ್ ಮಾಡಿಸಬೇಕು, ಹೆಡ್ಡಿನ ಅಡಿಯನ್ನು ಇನ್ನಷ್ಟು ಸವೆಸಿ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಏರಿಸಬೇಕು ಎಂದು ಪಟ್ಟಿಯನ್ನೇ ತಂದಿದ್ದರು. ಯಜಮಾನರು ಕೊನೆಯವರೆಗೂ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, "ನಂಗೆ ರೇಸ್ ಬೇಡ ಕಣಪ್ಪ. ನಮ್ಮಪ್ಪ ಈ ಗಾಡೀಲಿ ಎಲ್ಲೂ ನಿಲ್ಲಿಸ್ದೆ ಘಟ್ಟ ಹತ್ತಿಸ್ತಿದ್ರು. ಅದು ಆಗ್ಬೇಕು. ಬಯಲಿಗೆ ಬಂದ್ರೆ ಎಂಬತ್ತರಲ್ಲಿ ಹೋಗ್ಬೇಕು. ಅಷ್ಟೇ" ಎಂದರು.

ಆ ಮಾತನ್ನೇ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದುಕೊಂಡೆ. ಮುಂದೆ ಮೂರು ಸಲ ಆ ಹಾಳೆಗೆ ಹಿಂತಿರುಗಬೇಕಾಯಿತು.

ಬಿಚ್ಚಿದಾಗ ಕಂಡದ್ದು

ಬಿಚ್ಚುವ ಮೊದಲು ಕಂಪ್ರೆಶನ್ ನೋಡಿದೆವು. ಎಂಟರಲ್ಲಿ ಅತಿ ಕಡಿಮೆ 76 ಪಿಎಸ್‌ಐ, ಅತಿ ಹೆಚ್ಚು 104. ಬೋರ್‌ಗಳ ಮೇಲ್ಭಾಗ ಕೆಳಭಾಗಕ್ಕಿಂತ 9 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ) ಅಗಲವಾಗಿತ್ತು. ಹಳೆಯ ಬೋರಿಗೇ ಹೊಸ ರಿಂಗ್ ಹಾಕಿದ್ದರು. ಪಿಸ್ಟನ್‌ಗಳನ್ನು ತೂಗಿದರೆ ಅತಿ ಹಗುರದ್ದಕ್ಕೂ ಅತಿ ಭಾರದ್ದಕ್ಕೂ 14 ಗ್ರಾಂ ಅಂತರ.

ಹೊಡೆಯುತ್ತಿದ್ದದ್ದು ಐದನೆಯ ರಾಡ್. ಈ ಎಂಜಿನ್‌ನಲ್ಲಿ ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಸೇರಿಸುವ ಕನೆಕ್ಟಿಂಗ್ ರಾಡ್‌ಗೆ ಬಿಡಿ ಶೆಲ್ ಬೇರಿಂಗ್, ಅಂದರೆ ಬದಲಿಸಬಹುದಾದ ಅರೆಬಳೆ, ಇಲ್ಲ. ವೈಟ್ ಮೆಟಲ್ ಎಂಬ ಮೆತ್ತನೆಯ ಮಿಶ್ರಲೋಹವನ್ನು ರಾಡ್‌ನ ಮೇಲೇ ಎರಕ ಹೊಯ್ದಿರುತ್ತಾರೆ. ಐದನೆಯದರ ಲೋಹ ಹಪ್ಪಳದ ಹಾಗೆ ಎದ್ದು ಬಂದಿತ್ತು. ಅಡಿಯಲ್ಲಿ ಉಕ್ಕು ಬರಿದಾಗಿ ಕಪ್ಪಗಿತ್ತು, ತವರದ ಲೇಪ ಹಿಡಿದ ಗುರುತೇ ಇಲ್ಲ. ಉಳಿದವು ಎದ್ದಿರಲಿಲ್ಲ, ಆದರೆ ಪದರ ಎಲ್ಲದರಲ್ಲೂ ಬಲು ದಪ್ಪ. ವೈಟ್ ಮೆಟಲ್ ದಪ್ಪವಾದಷ್ಟೂ ಬಡಿತ ತಾಳುವ ಶಕ್ತಿ ಕಡಿಮೆಯಾಗುತ್ತದೆ. ಹೆಚ್ಚು ಲೋಹ ಇದ್ದರೆ ಹೆಚ್ಚು ಬಾಳಿಕೆ ಎಂದುಕೊಳ್ಳುವುದು ಸಹಜ. ಈ ತಪ್ಪು ನಾನು ಬೇರೆ ಎಂಜಿನ್‌ಗಳಲ್ಲೂ ಕಂಡಿದ್ದೇನೆ.

ಇಷ್ಟು ನೋಡಿ ಕಾರಣವೆಲ್ಲ ಸಿಕ್ಕಿತು ಎಂದುಕೊಂಡಿದ್ದೆ. ಆದರೆ ಹೆಡ್ ಮೇಜಿನ ಮೇಲೆ ಇತ್ತು, ಮನಸ್ಸಿಗೆ ಒಂದು ಅನುಮಾನ. ಪರಿಚಯದ ಉಪನ್ಯಾಸಕರೊಬ್ಬರಿಂದ ರಸಾಯನಶಾಸ್ತ್ರ ಲ್ಯಾಬಿನಲ್ಲಿ ದ್ರವ ಅಳೆಯುವ ಗಾಜಿನ ಕೊಳವೆ ಬ್ಯೂರೆಟ್ ತರಿಸಿ, ಪ್ರತಿ ಚೇಂಬರಿನ ಮೇಲೆ ದಪ್ಪ ಅಕ್ರಿಲಿಕ್ ಹಲಗೆ ಮುಚ್ಚಿ, ಬಣ್ಣ ಬೆರೆಸಿದ ಸೀಮೆಎಣ್ಣೆ ಬಿಟ್ಟು ಅಳೆದೆವು. ಗ್ಯಾಸ್ಕೆಟ್, ಪಿಸ್ಟನ್ ತಲೆ ಎಲ್ಲ ಲೆಕ್ಕ ಹಾಕಿದ ಮೇಲೆ ಒಂದನೆಯ ಸಿಲಿಂಡರಿಗೆ 98 ಸಿಸಿ, ಎಂಟನೆಯದಕ್ಕೆ 93. ನಡುವಿನವು ಮೆಟ್ಟಿಲಿನಂತೆ ಇಳಿಯುತ್ತ ಬಂದಿದ್ದವು. ಹಿಂದಿನ ಸಲ ಹೆಡ್ ಫೇಸಿಂಗ್ ಮಾಡುವಾಗ ಯಂತ್ರದ ಮೇಲೆ ಅದನ್ನು ಓರೆಯಾಗಿ ಕೂರಿಸಿದ್ದರು. ಗಿಡ್ಡ ಹೆಡ್‌ನಲ್ಲಿ ಇಷ್ಟು ಓರೆ ಗೊತ್ತೂ ಆಗುವುದಿಲ್ಲ. ಎಂಟು ಸಿಲಿಂಡರ್ ಉದ್ದದ ಹೆಡ್‌ನಲ್ಲಿ ಒಂದು ತುದಿಯ ಕಂಪ್ರೆಶನ್ ಇನ್ನೊಂದಕ್ಕಿಂತ ಬೇರೆಯಾಗಿಬಿಡುತ್ತದೆ. ಮೊದಲೇ ಬಿಸಿ ಹೆಚ್ಚು ಉಳಿಯುವ ಹಿಂದಿನ ತುದಿಗೇ ಕಂಪ್ರೆಶನ್ನೂ ಹೆಚ್ಚು ಬಿದ್ದಿತ್ತು.

ಹಿಂದಿನ ತುದಿ ಯಾಕೆ ಬಿಸಿ ಎಂಬುದು ಬ್ಲಾಕಿನ ಪಕ್ಕದ ರಂಧ್ರಗಳನ್ನು ಮುಚ್ಚುವ ಬಿಲ್ಲೆಗಳಾದ ವೆಲ್ಚ್ ಪ್ಲಗ್‌ಗಳನ್ನು ತೆಗೆದಾಗ ತಿಳಿಯಿತು. ಆರು, ಏಳು, ಎಂಟನೆಯ ಸಿಲಿಂಡರ್‌ಗಳ ಸುತ್ತ ನೀರು ಹರಿಯುವ ಜಾಗದಲ್ಲಿ ತುಕ್ಕು ಬೆರೆತ ಕೆಂಪು ಮಣ್ಣು ಗಾರೆಯ ಹಾಗೆ ಕೂತಿತ್ತು. ಚಪ್ಪಟೆ ಕಂಬಿಯಿಂದ ಕೆದಕಿ ತೆಗೆದದ್ದನ್ನು ಒಣಗಿಸಿ ತೂಗಿದರೆ 2.8 ಕಿಲೋ. ರೇಡಿಯೇಟರ್ ಹೊಸದು ಹಾಕಿಸಿದ್ದರೂ ಕುದಿಯುತ್ತಿದ್ದ ಗಾಡಿ ಇದು. ನೀರು ಮುಂದಿನಿಂದ ಹೋಗಿ ಮುಂದೆಯೇ ಸುತ್ತಿಕೊಂಡು ಬರುತ್ತಿದ್ದರೆ ರೇಡಿಯೇಟರ್ ಏನು ಮಾಡೀತು?

ಶೆಲ್ಲೋ, ವೈಟ್ ಮೆಟಲೋ

ನನ್ನ ಒಲವು ಶೆಲ್ ಬೇರಿಂಗ್ ಕಡೆಗಿತ್ತು. ರಾಡ್‌ನ ದೊಡ್ಡ ಕಣ್ಣನ್ನು ಇನ್ನಷ್ಟು ಕೊರೆದು ಬೇರೆ ಎಂಜಿನ್ನಿನ ಶೆಲ್ ಕೂರಿಸುವುದು ಹೊಸ ದಾರಿಯಲ್ಲ. ಬಹಳ ಕಡೆ ಮಾಡುತ್ತಾರೆ, ಚೆನ್ನಾಗಿ ಓಡುತ್ತದೆ. ಮಗನೂ ಅದನ್ನೇ ಬಯಸಿದ್ದರು. ಮೂರು ವಾರ ಹುಡುಕಿದೆವು. ಅಗಲ, ವ್ಯಾಸ ಎರಡೂ ಹೊಂದುವ ಶೆಲ್ ಸಿಗಲಿಲ್ಲ. ಹತ್ತಿರದ ಒಂದನ್ನು ಹಿಡಿದು ಕಾಗದದ ಮೇಲೆ ಲೆಕ್ಕ ಹಾಕಿದರೆ, ಅಷ್ಟು ಕೊರೆದ ಮೇಲೆ ಬೋಲ್ಟಿನ ರಂಧ್ರಕ್ಕೂ ಒಳಗಿನ ಗೋಡೆಗೂ ನಡುವೆ ಉಳಿಯುವ ಉಕ್ಕು ನನಗೆ ಧೈರ್ಯ ಕೊಡಲಿಲ್ಲ. ಮುರಿದ ರಾಡ್ ಬ್ಲಾಕನ್ನೇ ಒಡೆದು ಹೊರಬರುತ್ತದೆ. ಇನ್ನೊಂದು ಬ್ಲಾಕ್ ಎಲ್ಲಿಂದ ತರುವುದು?

ಮೊದಲ ಹಾಳೆಗೆ ಹಿಂತಿರುಗಿದೆ. ಘಟ್ಟ, ಮತ್ತು ಎಂಬತ್ತು. ಈ ಗಾಡಿಯ ಹಿಂದಿನ ಆಕ್ಸಲ್ ಅನುಪಾತ ಸುಮಾರು 4.4, ಅಂದರೆ ಟಾಪ್ ಗೇರಿನಲ್ಲಿ ಚಕ್ರ ಒಂದು ಸುತ್ತು ಹಾಕಲು ಎಂಜಿನ್ 4.4 ಸುತ್ತು ತಿರುಗಬೇಕು. ಅದಕ್ಕೆ ಹಾಕುವ 16 ಇಂಚಿನ ಟೈರಿನಲ್ಲಿ ಗಂಟೆಗೆ 80 ಕಿಲೋಮೀಟರ್ ಎಂದರೆ ಎಂಜಿನ್ ಸುಮಾರು 2600 ಸುತ್ತು. ಹಾಗಾದರೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 9 ಮೀಟರ್. ಚೆನ್ನಾಗಿ ಹೊಯ್ದ ವೈಟ್ ಮೆಟಲ್ ಇದನ್ನು ಸುಖವಾಗಿ ತಾಳುತ್ತದೆ. ತಾಳದೇ ಇದ್ದದ್ದು ಕೆಟ್ಟದಾಗಿ ಹೊಯ್ದ ಲೋಹ, ಆ ಲೋಹವೇ ಅಲ್ಲ. ವೈಟ್ ಮೆಟಲ್ ಎಂದು ತೀರ್ಮಾನಿಸಿದೆ; 3000 ಸುತ್ತು ದಾಟಿಸಬಾರದು ಎಂಬ ಷರತ್ತನ್ನು ಯಜಮಾನರಿಗೆ ಬರೆದು ಕೊಟ್ಟೆ.

ಮುಂದಿನ ಪ್ರಶ್ನೆ, ಹೊಯ್ಯುವವರು ಯಾರು. ನಾವೆಲ್ಲ ಚಾಚಾ ಎನ್ನುವ ಹಿರಿಯ ಮೇಸ್ತ್ರಿ ಕೆಲಸ ಬಿಟ್ಟು ಹನ್ನೆರಡು ವರ್ಷವಾಗಿತ್ತು. ಮನೆಗೆ ಹೋಗಿ ಕೇಳಿದಾಗ ಐದನೆಯ ರಾಡನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದಕ್ಕೆ ತವರನೇ ಹಿಡಿಸಿಲ್ವಲ್ಲ ಮಗಾ. ಗೋಡೆ ತೊಳೀದೇ ಸುಣ್ಣ ಹೊಡೆದಂಗಾಗಿದೆ" ಎಂದರು. ಎರಡು ದಿನ ಬಂದು ಕೂತರು. ಕೈ ಅವರದಲ್ಲ, ನಮ್ಮ ಹುಡುಗರದು. ಕಣ್ಣು ಮಾತ್ರ ಅವರದು.

ಲೋಹ ಶೇ 89 ತವರ, ಶೇ 7.5 ಆಂಟಿಮನಿ, ಶೇ 3.5 ತಾಮ್ರದ್ದು. ಸೀಸ ಬೆರೆತ ಅಗ್ಗದ್ದು ಬೇಡವೆಂದು ಚಾಚಾ ಹಟ ಹಿಡಿದರು. ರಾಡ್‌ನ ಕಣ್ಣನ್ನು ಹೊಳೆಯುವ ತನಕ ಶುಚಿ ಮಾಡಿ, ಫ್ಲಕ್ಸ್ ಹಚ್ಚಿ, ಇಡೀ ಮೈಗೆ ತವರ ಹಿಡಿಸಿ, ರಾಡ್ ಬಿಸಿಯಿದ್ದಾಗಲೇ 420–450 ಡಿಗ್ರಿಯ ಲೋಹವನ್ನು ಒಂದೇ ಧಾರೆಯಲ್ಲಿ ಹೊಯ್ಯಬೇಕು. ಥರ್ಮಾಮೀಟರ್ ಇದ್ದರೂ ಅವರು ಒಣ ಕಟ್ಟಿಗೆಯ ಕಡ್ಡಿ ಅದ್ದಿ ನೋಡುತ್ತಿದ್ದರು: ಕಂದು ಬಣ್ಣಕ್ಕೆ ತಿರುಗಿದರೆ ಸರಿ, ಹೊತ್ತಿಕೊಂಡರೆ ಮಿತಿ ಮೀರಿದೆ. ಎರಡೂ ಪ್ರತಿ ಸಲ ಒಂದನ್ನೇ ಹೇಳಿದವು.

ತಣಿದ ಮೇಲಿನ ಪರೀಕ್ಷೆ ಎಲ್ಲರೂ ಮಾಡಬಹುದಾದದ್ದು, ಯಾರೂ ಬಿಡಬಾರದ್ದು. ರಾಡ್‌ಗಳನ್ನು ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಒರೆಸಿ, ಲೋಹ ಉಕ್ಕನ್ನು ಸೇರುವ ಅಂಚಿಗೆ ಚಾಕ್‌ಪೀಸ್ ಪುಡಿ ಹಚ್ಚುವುದು. ಹಿಡಿಯದ ಕಡೆ ಒಳಗೆ ಸೇರಿದ ಎಣ್ಣೆ ಹೊರಬಂದು ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಎಂಟರಲ್ಲಿ ಎರಡಕ್ಕೆ ಗೆರೆ ಮೂಡಿತು. ಮರುಮಾತಿಲ್ಲದೆ ಕರಗಿಸಿ ಮತ್ತೆ ಹೊಯ್ದೆವು. ಹಿಂದಿನ ಸಲ ಎಂಜಿನ್ ಕಟ್ಟಿದವರು ಈ ಒಂದು ರಾತ್ರಿ ಕಾದಿದ್ದರೆ ಐದನೆಯ ರಾಡ್ ಅಂದೇ ಸಿಕ್ಕಿಬೀಳುತ್ತಿತ್ತು.

ಮಿಕ್ಕ ಯಂತ್ರದ ಕೆಲಸ ಮಾಮೂಲಿನದು, ಬೇಗ ಹೇಳಿಬಿಡುತ್ತೇನೆ. ಕ್ರ್ಯಾಂಕ್ ಗ್ರೈಂಡಿಂಗ್ 20 ಥೌ. ಮೇನ್ ಬೇರಿಂಗ್ ಐದನ್ನೂ ಒಟ್ಟಿಗೆ ಲೈನ್ ಬೋರಿಂಗ್. ರಾಡ್ ಬೇರಿಂಗ್‌ನಲ್ಲಿ ಬಿಟ್ಟ ಜಾಗ ಒಂದೂವರೆ ಥೌ. ಸಿಲಿಂಡರ್‌ಗಳಿಗೆ 40 ಥೌ ಬೋರ್, ಅಮೆರಿಕದಿಂದ ತರಿಸಿದ ಪಿಸ್ಟನ್‌ಗಳನ್ನು ಒಂದು ಗ್ರಾಂ ಅಂತರದೊಳಗೆ ತಂದದ್ದು. ಕ್ರ್ಯಾಂಕ್, ಫ್ಲೈವೀಲ್, ಕ್ಲಚ್ ಮೂರನ್ನೂ ಸೇರಿಸಿ ಬ್ಯಾಲೆನ್ಸಿಂಗ್. ಎಕ್ಸಾಸ್ಟ್ ವಾಲ್ವ್‌ಗಳಿಗೆ ಗಟ್ಟಿ ಸೀಟ್.

ಪಟ್ಟಿಯಿಂದ ಬಿಟ್ಟದ್ದು

ಎರಡನೆಯ ಕಾರ್ಬ್ಯುರೇಟರ್ ಬೇಡವೆಂದೆ. ಕ್ಯಾಮ್ ಮುಟ್ಟಲಿಲ್ಲ, ಈ ಎಂಜಿನ್ನಿನ ಬಲವೆಲ್ಲ ಕೆಳಗಿನ ಸುತ್ತಿನ ಎಳೆತದಲ್ಲಿದೆ, ಘಟ್ಟಕ್ಕೆ ಬೇಕಾದದ್ದೂ ಅದೇ. ಕಂಪ್ರೆಶನ್ ವಿಷಯ ಮಾತ್ರ ತಾನಾಗಿಯೇ ಬಗೆಹರಿಯಿತು. ಹೆಡ್ಡನ್ನು ನೇರ ಮಾಡಲು ಮುಂದಿನ ತುದಿಯನ್ನೂ ಹಿಂದಿನ ಮಟ್ಟಕ್ಕೆ ಇಳಿಸಲೇಬೇಕಿತ್ತು. ಎಂಟೂ ಚೇಂಬರ್‌ಗಳನ್ನು 92.5 ಸಿಸಿಗೆ ಸಮ ಮಾಡಿದೆವು. ಬೋರ್ ದೊಡ್ಡದಾಗಿ ಪ್ರತಿ ಸಿಲಿಂಡರ್ 521 ಸಿಸಿ ಆಗಿತ್ತು. ಕೂಡಿಸಿ ನೋಡಿದರೆ ಅನುಪಾತ 6.6. ಹೊಸದರಲ್ಲಿ ಇದ್ದದ್ದು 6ಕ್ಕೆ ಸ್ವಲ್ಪ ಮೇಲೆ. ಇಂದಿನ ಪೆಟ್ರೋಲಿನ ಆಕ್ಟೇನ್ ಆ ಕಾಲದ್ದಕ್ಕಿಂತ ಎಷ್ಟೋ ಮೇಲಿದೆ, ಹಾಗಾಗಿ 6.6ಕ್ಕೆ ಹೆದರಬೇಕಿಲ್ಲ.

ಹಿಂದಿನ ಆಕ್ಸಲ್‌ಗೆ 3.9 ಅನುಪಾತದ ಗೇರ್ ಹಾಕಿದರೆ ಬಯಲಿನಲ್ಲಿ ಎಂಜಿನ್ ಇನ್ನೂ ನಿಧಾನ ತಿರುಗುತ್ತದೆ ಎಂದು ಸಲಹೆ ಕೊಟ್ಟವನು ನಾನೇ. ಯಜಮಾನರು ಒಪ್ಪಲಿಲ್ಲ. "ನಮ್ ಕಡೆ ಬಯಲೆಲ್ಲಿದೆ?" ಎಂದರು. ಆ ದಿನ ನನಗೆ ಬೇಸರವಾಗಿತ್ತು. ಘಟ್ಟದಲ್ಲಿ ಗಾಡಿ ಓಡಿಸಿದ ಮೇಲೆ ಅವರ ಮಾತೇ ಸರಿ ಎನಿಸಿತು, 4.4 ಇದ್ದದ್ದರಿಂದಲೇ ಎಷ್ಟೋ ತಿರುವುಗಳಲ್ಲಿ ಸೆಕೆಂಡ್ ಗೇರಿಗೆ ಇಳಿಯಬೇಕಾಗಲಿಲ್ಲ.

ಚಾರ್ಮಾಡಿಯಲ್ಲಿ

500 ಕಿಲೋಮೀಟರ್ ಮೆತ್ತಗೆ ಓಡಿಸಿದ ಮೇಲೆ ಚಾರ್ಮಾಡಿಯಿಂದ ಕೊಟ್ಟಿಗೆಹಾರದ ಕಡೆಗೆ ಹತ್ತಿಸಿದೆವು. ಅರ್ಧ ದಾರಿಯವರೆಗೆ ನೀರಿನ ಮುಳ್ಳು ಅಲುಗಲಿಲ್ಲ. ಆಮೇಲೆ ಆಕ್ಸಲರೇಟರ್ ಒತ್ತಿದಾಗಲೆಲ್ಲ ಕಿಣಿಕಿಣಿ ನಾಕಿಂಗ್. ಮುಳ್ಳೂ ಏರತೊಡಗಿತು.

ಇಲ್ಲಿ ನಾನು ತಪ್ಪು ಮಾಡಿದೆ. ಕಂಪ್ರೆಶನ್ ಏರಿದೆ, ನಾಕಿಂಗ್ ಬಂದಿದೆ, ಹಾಗಾಗಿ ಟೈಮಿಂಗ್ ಹೆಚ್ಚಾಗಿದೆ, ಅಂದರೆ ಕಿಡಿ ಬೇಗ ಬೀಳುತ್ತಿದೆ ಎಂದು ರಸ್ತೆ ಬದಿಯಲ್ಲೇ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗಿಸಿ ನಾಲ್ಕು ಡಿಗ್ರಿ ಹಿಂದಕ್ಕೆ ತಂದೆ. ಸದ್ದು ಕಡಿಮೆಯಾಯಿತು. ಗಾಡಿ ಸೋತಿತು, ಬಿಸಿ ಇನ್ನೂ ಹೆಚ್ಚಾಯಿತು. ಕಿಡಿ ತಡವಾದರೆ ಉರಿ ಎಕ್ಸಾಸ್ಟಿನವರೆಗೆ ಎಳೆಯುತ್ತದೆ, ಆ ಶಾಖವನ್ನೆಲ್ಲ ಹೆಡ್ಡೂ ನೀರೂ ಹೊರಬೇಕು. ಗೊತ್ತಿರುವ ವಿಷಯವೇ. ಆದರೂ ಸದ್ದು ನಿಂತದ್ದನ್ನೇ ಪರಿಹಾರವೆಂದು ನಂಬಿ ಅಲ್ಲಿಂದ ಎಂಟು ಕಿಲೋಮೀಟರ್ ಹತ್ತಿಸಿದೆ. ಹೊಸ ವಾಲ್ವ್ ಸೀಟ್‌ಗಳಿಗೆ ಅದು ಬೇಕಿರಲಿಲ್ಲ.

ಕೊಟ್ಟಿಗೆಹಾರದಲ್ಲಿ ಎಂಜಿನ್ ತಣಿದ ಮೇಲೆ ಎಂಟೂ ಸ್ಪಾರ್ಕ್ ಪ್ಲಗ್ ತೆಗೆದು ಸಾಲಾಗಿ ಒಂದು ಟವೆಲ್ ಮೇಲೆ ಇಟ್ಟೆವು. ಮೊದಲೇ ಮಾಡಬೇಕಿದ್ದ ಕೆಲಸ. 3, 4, 5, 6 ಹದವಾದ ಕಂದು. 1, 2, 7, 8 ಬಿಳಿ. ಎಂಟನೆಯದು ಸುಣ್ಣದಷ್ಟು ಬಿಳಿ. ಪ್ಲಗ್ ಬಿಳಿ ಎಂದರೆ ಆ ಸಿಲಿಂಡರಿಗೆ ಪೆಟ್ರೋಲ್ ಸಾಲುತ್ತಿಲ್ಲ. ಟೈಮಿಂಗ್ ತಪ್ಪಿದ್ದರೆ ಎಂಟೂ ಒಂದೇ ಬಣ್ಣ ಇರಬೇಕಿತ್ತು.

ಆ ಎರಡು ಗುಂಪು ನೋಡಿದ ಕೂಡಲೇ ಕಾರ್ಬ್ಯುರೇಟರಿನಿಂದ ಸಿಲಿಂಡರ್‌ಗಳಿಗೆ ಹೋಗುವ ಕೊಳವೆಗಳ ಕಟ್ಟು, ಮ್ಯಾನಿಫೋಲ್ಡ್, ನೆನಪಾಯಿತು. ಈ ಬ್ಯೂಕ್‌ನ ಕಾರ್ಬ್ಯುರೇಟರಿಗೆ ಎರಡು ಗಂಟಲು. ಒಂದು ಗಂಟಲು ನಡುವಿನ ನಾಲ್ಕಕ್ಕೆ ಉಣಿಸುತ್ತದೆ, ಇನ್ನೊಂದು ತುದಿಗಳ ನಾಲ್ಕಕ್ಕೆ: 1, 2, 7, 8. ತುದಿಯವಕ್ಕೆ ದಾರಿ ಉದ್ದ, ಪೆಟ್ರೋಲ್ ಕಡಿಮೆ ಸೇರುವ ಸ್ವಭಾವ ಮೊದಲಿನಿಂದಲೂ ಇದ್ದದ್ದೇ. ಅದರ ಮೇಲೆ ಈಗಿನ ಇ20. ಬರಿ ಪೆಟ್ರೋಲಿನ ಒಂದು ಭಾಗಕ್ಕೆ 14.7 ಭಾಗ ಗಾಳಿ ಬೇಕಾದರೆ, ಶೇ 20 ಎಥನಾಲ್ ಬೆರೆತದ್ದಕ್ಕೆ 13.5ರಷ್ಟು ಸಾಕು. ಅಂದರೆ ಅದೇ ಗಾಳಿಗೆ ಶೇ 8ರಿಂದ 9ರಷ್ಟು ಹೆಚ್ಚು ಇಂಧನ ಬೇಕು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹರಿಯುವ ರಂಧ್ರವಾದ 1938ರ ಜೆಟ್‌ಗೆ ಇದು ಹೇಗೆ ಗೊತ್ತಿರಬೇಕು? ನಡುವಿನ ನಾಲ್ಕು ಹೇಗೋ ಸರಿದೂಗಿಸಿಕೊಂಡವು, ತುದಿಯ ನಾಲ್ಕು ಒಣಗಿದವು.

ಎಂಟನೆಯದು ಇನ್ನೂ ಬಿಳಿ ಯಾಕೆ? ಎಂಜಿನ್ ಓಡುತ್ತಿರುವಾಗ ಮ್ಯಾನಿಫೋಲ್ಡಿನ ಕೂಡುಗಳ ಮೇಲೆ ಸಿರಿಂಜಿನಿಂದ ನೀರು ಬಿಟ್ಟರೆ ಎಂಟನೆಯದರ ಬಳಿ ಎಂಜಿನ್ನಿನ ಸದ್ದು ಬದಲಾಯಿತು. ಅಲ್ಲಿ ಗಾಳಿ ಸೇರುತ್ತಿತ್ತು. ಇದೂ ನಮ್ಮದೇ ತಪ್ಪು. ಮುಕ್ಕಾಲು ಮೀಟರಿಗೂ ಉದ್ದದ ಎರಕದ ಕಬ್ಬಿಣ ಎಕ್ಸಾಸ್ಟಿನ ಬಿಸಿಗೆ ಮೂರು ಮಿಲಿಮೀಟರಿನಷ್ಟು ಬೆಳೆಯುತ್ತದೆ. ಅದಕ್ಕೆ ಜಾರಲು ಬಿಡಬೇಕು. ನಮ್ಮ ಹುಡುಗ ಒಳ್ಳೆಯ ಮನಸ್ಸಿನಿಂದಲೇ ತುದಿಯ ನಟ್‌ಗಳನ್ನು ಬಿಗಿಯಾಗಿ ಕಟ್ಟಿದ್ದ. ಬೆಳೆಯಲು ಜಾಗವಿಲ್ಲದೆ ಮ್ಯಾನಿಫೋಲ್ಡ್ ಬಾಗಿ, ಕೊನೆಯ ಕೂಡು ಬಾಯಿ ಬಿಟ್ಟಿತ್ತು. ಒಡೆಯದೇ ಉಳಿದದ್ದು ಪುಣ್ಯ.

ವಾಪಸ್ ಬಂದ ಮೇಲೆ ಮ್ಯಾನಿಫೋಲ್ಡ್ ಮುಖವನ್ನು ಸಮ ಮಾಡಿಸಿ, ಗ್ಯಾಸ್ಕೆಟಿನ ಎರಡೂ ಬದಿಗೆ ಗ್ರಾಫೈಟ್ ಹಚ್ಚಿ, ನಟ್‌ಗಳನ್ನು ಕೈ ಬಿಗಿಗಿಂತ ತುಸುವೇ ಮೇಲೆ ನಿಲ್ಲಿಸಿದೆವು. ಎಕ್ಸಾಸ್ಟಿನ ಬಿಸಿಯನ್ನು ಕಾರ್ಬ್ಯುರೇಟರಿನ ಬುಡಕ್ಕೆ ಕಳಿಸುವ ದಾರಿಯನ್ನು ತಗಡಿನಿಂದ ಮುಚ್ಚಿದೆವು. ಹಿಮ ಬೀಳುವ ಊರಿಗೆ ಬೇಕಾದ ಏರ್ಪಾಡು ಅದು. ಇದರಿಂದ ಮಲೆನಾಡಿನ ಚಳಿಯ ಬೆಳಿಗ್ಗೆ ಎರಡು ನಿಮಿಷ ಚೋಕ್ ಎಳೆದಿಡಬೇಕಾಗುತ್ತದೆ, ಯಜಮಾನರು ಒಪ್ಪಿದರು. ಕೊನೆಗೆ ಜೆಟ್. ರಂಧ್ರದ ವ್ಯಾಸ ಶೇ 4 ಹಿಗ್ಗಿದರೆ ಹರಿವು ಶೇ 8 ಹೆಚ್ಚುತ್ತದೆ. ನಡುವಿನ ಗಂಟಲಿಗೆ ಶೇ 3, ತುದಿಯ ಗಂಟಲಿಗೆ ಶೇ 5 ಹಿಗ್ಗಿಸಿದೆವು. ಎರಡು ಗಂಟಲಿಗೆ ಎರಡು ಅಳತೆಯ ಜೆಟ್ ಹಾಕಲು ಮೊದಲು ಕೈ ಹಿಂಜರಿಯಿತು. ಪ್ಲಗ್‌ಗಳ ಬಣ್ಣ ನೋಡಿ ಆ ಹಿಂಜರಿಕೆ ಹೋಯಿತು. ಟೈಮಿಂಗನ್ನು ಇದ್ದಲ್ಲಿಗೆ ತಂದೆವು.

ಬಂದ ಫಲ

ಈಗ ಎಂಟೂ ಸಿಲಿಂಡರ್‌ಗಳ ಕಂಪ್ರೆಶನ್ 114ರಿಂದ 118ರ ಒಳಗಿದೆ. ಟಾಪ್ ಗೇರಿನಲ್ಲಿ 30ರಿಂದ 60ಕ್ಕೆ ಏರಲು ಮೊದಲು 13 ಸೆಕೆಂಡ್ ಬೇಕಿತ್ತು, ಈಗ 8. ಚಾರ್ಮಾಡಿಯನ್ನು ಐದು ಜನರನ್ನು ಕೂರಿಸಿಕೊಂಡು ಏಪ್ರಿಲ್ ತಿಂಗಳ ಮಧ್ಯಾಹ್ನ ಎಲ್ಲೂ ನಿಲ್ಲಿಸದೆ ಹತ್ತಿತು. ಐಡಲ್‌ನಲ್ಲಿ ಬಾನೆಟ್ ಮೇಲೆ ನೀರಿನ ಲೋಟ ಇಟ್ಟರೆ ಅಂಚಿನಲ್ಲಿ ಮಾತ್ರ ಸಣ್ಣ ನಡುಕ. ಬೆಂಗಳೂರಿನಲ್ಲಿ, ಎಂಜಿನ್ ಗಾಳಿ ಎಳೆಯುವ ಬಲವನ್ನು ಪಾದರಸದ ಇಂಚುಗಳಲ್ಲಿ ಅಳೆಯುವ ವ್ಯಾಕ್ಯೂಮ್ ಗೇಜ್ 17 ಇಂಚು ತೋರಿಸಿತು. ಹಳೆಯ ಕೈಪಿಡಿಗಳ 20ರ ಲೆಕ್ಕ ಸಮುದ್ರ ಮಟ್ಟದ್ದು. ಇಲ್ಲಿ 900 ಮೀಟರ್ ಎತ್ತರಕ್ಕೆ ಮೂರು ಇಂಚು ಕಳೆಯಬೇಕು. ಇದು ತಿಳಿಯದೆ ಸರಿಯಿರುವ ಎಂಜಿನ್ನಿನ ವಾಲ್ವ್ ಬಿಚ್ಚಿದವರನ್ನು ಕಂಡಿದ್ದೇನೆ.

ಈ ಕೆಲಸದ ನಂತರ ನಮ್ಮ ವರ್ಕ್‌ಶಾಪಿನ ಕ್ರಮ ಬದಲಾಯಿತು. ಯಾವ ಹಳೆಯ ಎಂಜಿನ್ ಬಂದರೂ ಖರ್ಚಿನ ಅಂದಾಜು ಕೊಡುವ ಮೊದಲು ಬ್ಯೂರೆಟ್ ಹಿಡಿಯುತ್ತೇವೆ, ವೆಲ್ಚ್ ಪ್ಲಗ್ ತೆಗೆಯುತ್ತೇವೆ. ರಸ್ತೆಯಲ್ಲಿ ಏನೇ ತೊಂದರೆ ಬಂದರೂ ಪ್ಲಗ್‌ಗಳನ್ನು ಸಾಲಾಗಿ ಇಟ್ಟು ನೋಡುವ ತನಕ ಡಿಸ್ಟ್ರಿಬ್ಯೂಟರ್ ಮುಟ್ಟುವಂತಿಲ್ಲ. ಸಾಲೆಂಟು ಎಂಜಿನ್ನಿಗೆ ಹೆಚ್ಚು ಬಲ ಬೇಕು ಎಂದು ಬರುವವರಿಗೆ ನಾನು ಮೊದಲು ಕೇಳುವುದು, ಒಂದನೆಯ ಸಿಲಿಂಡರ್ ಮಾಡುವಷ್ಟೇ ಕೆಲಸವನ್ನು ಎಂಟನೆಯದೂ ಮಾಡುತ್ತಿದೆಯೇ ಎಂದು. ಈ ಗಾಡಿಯಲ್ಲಿ ಕಳೆದುಹೋಗಿದ್ದ ಪಿಕಪ್ ಎಲ್ಲವೂ ಆ ಅಂತರದಲ್ಲೇ ಇತ್ತು.

4200 ಕಿಲೋಮೀಟರ್ ಓಡಿದ ಮೇಲೆ ಗಾಡಿ ಮತ್ತೆ ಬಂತು. ತೊಂದರೆಯೇನಿಲ್ಲ, ನಾನೇ ಬರಹೇಳಿದ್ದೆ. ಆಯಿಲ್ ಪ್ಯಾನ್ ಇಳಿಸಿ ಒಂದು, ಐದು, ಎಂಟನೆಯ ರಾಡ್‌ಗಳ ಕ್ಯಾಪ್ ಬಿಚ್ಚಿದೆವು. ಚಾಚಾ ಕನ್ನಡಕ ಏರಿಸಿಕೊಂಡು ಐದನೆಯದನ್ನೇ ಮೊದಲು ಕೈಗೆ ತೆಗೆದುಕೊಂಡರು. ಲೋಹ ತೆಳು ಬೂದು ಬಣ್ಣಕ್ಕೆ ತಿರುಗಿ ನುಣ್ಣಗಾಗಿತ್ತು, ಬಿರುಕಿರಲಿಲ್ಲ. ಬೇರಿಂಗಿನ ಸಂದು ಅಳೆಯುವ ಪ್ಲಾಸ್ಟಿಗೇಜ್ ಎಳೆ ಇಟ್ಟು ಅಳೆದರೆ ಮೂರರಲ್ಲೂ ಒಂದೂಮುಕ್ಕಾಲು ಥೌ. ಕ್ಯಾಪ್‌ಗಳನ್ನು ಮತ್ತೆ ಕಟ್ಟಿ, ಹೊಸ ಗ್ಯಾಸ್ಕೆಟ್ ಹಾಕಿ ಪ್ಯಾನ್ ಮುಚ್ಚಿದೆವು. ಸಂಜೆಗೆ ಗಾಡಿ ಊರಿನ ದಾರಿ ಹಿಡಿಯಿತು.